ವಿವಾಹ ವಿಧಿಗೆ ಮುನ್ನ ಇಬ್ಬರೇ ಭೇಟಿಯಾಗುವ ‘ಮೊದಲ ನೋಟ’: ಹೇಗೆ ಯೋಜಿಸಬೇಕು?

ಹೊಸಿಲು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಇನ್ನು ಏಳು ವಾರಗಳಲ್ಲಿ ನನ್ನ ಮದುವೆ. ಸುಮಾರು 200 ಜನ ಬರುವವರಿದ್ದಾರೆ. ಅಷ್ಟು ಜನರ ಎದುರಿನಲ್ಲಿ, ಮದುವೆಯ ಉಡುಗೆಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮೊದಲ ಬಾರಿಗೆ ನೋಡುವುದನ್ನು ನೆನೆದರೇ ನನಗೆ ಎದೆ ಡವಗುಟ್ಟುತ್ತದೆ. ನಾನು ಮದುವೆಯಾಗುವವರು ಮೊದಲೇ ಹೆಚ್ಚು ಮಾತಿನವರಲ್ಲ; ಹತ್ತು ಜನ ಸೇರಿದರೆ ಅವರ ಮುಖ ಬಿಗಿದುಕೊಂಡುಬಿಡುತ್ತದೆ, ಮನಸ್ಸಿನಲ್ಲಿರುವುದು ಒಂದಿಷ್ಟೂ ಹೊರಗೆ ಕಾಣುವುದಿಲ್ಲ. ಆದ್ದರಿಂದ ವಿಧಿ ಆರಂಭವಾಗುವುದಕ್ಕೆ ಮೊದಲೇ ಯಾರೂ ಇಲ್ಲದ ಕಡೆ ನಾವಿಬ್ಬರೇ ಭೇಟಿಯಾಗಿ, ನಾಲ್ಕು ಮಾತನಾಡಿ, ಆಮೇಲೆ ಜನರ ನಡುವೆ ಹೋಗೋಣ ಎಂದುಕೊಂಡಿದ್ದೇವೆ. ಛಾಯಾಗ್ರಾಹಕರು ಇದನ್ನು ‘ಫಸ್ಟ್ ಲುಕ್’ ಎನ್ನುತ್ತಾರೆ. ನಾನಿಲ್ಲಿ ಮೊದಲ ನೋಟ ಎಂದೇ ಬರೆಯುತ್ತೇನೆ.

ಸಮಾರಂಭ ಸಂಜೆ 4:00ಕ್ಕೆ. ಆ ದಿನ ಸೂರ್ಯಾಸ್ತ 5:40ರ ಸುಮಾರಿಗೆ. ಕಟ್ಟಡದ ನಡುವೆ ಒಂದು ತೆರೆದ ಅಂಗಳವಿದೆ, ಅದರ ಸುತ್ತ ಕಂಬಗಳ ಸಾಲಿರುವ ವರಾಂಡವಿದೆ. ಅಂಗಳದ ನಟ್ಟನಡುವೆ ಮಧ್ಯಾಹ್ನ 2:45ಕ್ಕೆ ಭೇಟಿಯಾದರೆ ಆಯಿತು, ಹದಿನೈದು ನಿಮಿಷ ಸಾಕು ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಮನೆಯಲ್ಲಿ ಈ ವಿಷಯ ತೆಗೆದಾಗಿನಿಂದ ಅನುಮಾನಗಳು ಹೆಚ್ಚುತ್ತಲೇ ಇವೆ. ಅಮ್ಮನಿಗೆ ತಾವೂ ಅಲ್ಲಿರಬೇಕೆಂಬ ಆಸೆ. ಛಾಯಾಗ್ರಾಹಕರು ಒಬ್ಬರೇ ಬರುತ್ತಾರೆ. ಆ ಹದಿನೈದು ನಿಮಿಷವೂ ಕ್ಯಾಮೆರಾದ ಪಾಲಾಗಿ, ನಾವು ಮಾತನಾಡುವುದೇ ಆಗದಿದ್ದರೆ ಏನು ಮಾಡುವುದೆಂಬ ಭಯ ನನ್ನದು. ಇದನ್ನು ಮಾಡಿಕೊಂಡವರು, ಬೇಡವೆಂದು ಬಿಟ್ಟವರು, ಈ ಕೆಲಸದಲ್ಲೇ ಇರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇಳಿಹೊತ್ತು

ಸಮಯ, ಸ್ಥಳದ ಮಾತಿಗೆ ಮೊದಲು ಒಂದು ಪ್ರಶ್ನೆ. ಇದು ನಿಮ್ಮಿಬ್ಬರ ಆಸೆಯೋ, ನಿಮ್ಮೊಬ್ಬರದೋ? ನನ್ನ ಗಂಡ ನನ್ನ ಖುಷಿಗೆಂದು ಹೂಂ ಎಂದಿದ್ದರು. ನಾನು ಸಮಾರಂಭದ ಸ್ಥಳಕ್ಕೆ ನಡೆದು ಬರುವುದನ್ನೇ ಮೊದಲು ನೋಡಬೇಕೆಂದು ಅವರು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ವಿಷಯ ನನಗೆ ತಿಳಿದದ್ದು ಮದುವೆಯಾಗಿ ಎರಡು ತಿಂಗಳ ಮೇಲೆ. ಜಗಳವೇನೂ ಆಗಲಿಲ್ಲ, ಆದರೆ ಮೊದಲೇ ಕೇಳಿ ತಿಳಿದುಕೊಳ್ಳಬಹುದಿತ್ತಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಆದ್ದರಿಂದ, ಮಾತು ಕಡಿಮೆಯಿರುವವರನ್ನು ಹೌದೋ ಅಲ್ಲವೋ ಎಂದಷ್ಟೇ ಕೇಳಿ ಬಿಡಬೇಡಿ; ಆ ದಿನ ನನ್ನನ್ನು ಮೊದಲು ಎಲ್ಲಿ ನೋಡಿದಂತೆ ಊಹಿಸಿಕೊಂಡಿದ್ದೀರಿ ಎಂದು ಕೇಳಿ.

ಗಡಿಯಾರದ ಮುಳ್ಳು

ಮದುವೆ ಸಮಾರಂಭಗಳ ವೇಳಾಪಟ್ಟಿ ನೋಡಿಕೊಳ್ಳುವುದೇ ನನ್ನ ಕೆಲಸ. ನಿಮ್ಮ 2:45 ಬಹಳ ತಡವಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಗಂಟೆಯ ಸಮಾರಂಭಕ್ಕೆ 3:15ರಿಂದ ಜನ ಬರತೊಡಗುತ್ತಾರೆ, ಬೇಗ ಬರುವ ಅಭ್ಯಾಸದ ಹಿರಿಯರು 3:00ಕ್ಕೇ ಬಂದು ಕುಳಿತಿರುತ್ತಾರೆ. ಅವರ ಪೈಕಿ ಒಬ್ಬರು ಅಂಗಳಕ್ಕೆ ಇಣುಕಿ ನಿಮ್ಮ ಹೆಸರು ಹಿಡಿದು ಕೂಗಿದರೂ ಸಾಕು, ನೀವು ಬಯಸಿದ ಏಕಾಂತ ಅಲ್ಲಿಗೆ ಮುಗಿಯಿತು.

ಈ ಲೆಕ್ಕವನ್ನು ಸಮಾರಂಭದ ಗಳಿಗೆಯಿಂದ ಹಿಂದಕ್ಕೆ ಎಣಿಸಬೇಕು. 4:00ಕ್ಕೆ ವಿಧಿ ಎಂದರೆ 2:50ರ ಹೊತ್ತಿಗೆ ನೀವಿಬ್ಬರೂ ಒಳಗೆ ಹೋಗಿ ಕುಳಿತು, ನೀರು ಕುಡಿದು, ಉಸಿರು ಬಿಡುವಂತಿರಬೇಕು. ಅದಕ್ಕೂ ಮೊದಲು ಮನೆಯವರ ಗುಂಪು ಚಿತ್ರಗಳು. ಪ್ರತಿ ಗುಂಪನ್ನು ಕರೆದು, ನಿಲ್ಲಿಸಿ, ತೆಗೆದು, ಕಳಿಸಲು 3 ನಿಮಿಷ ಹಿಡಿಯಿರಿ, ಹತ್ತು ಗುಂಪಿಗೆ ಅರ್ಧ ಗಂಟೆ, ಯಾರಾದರೂ ಸಿಗದಿದ್ದರೆ ಹುಡುಕಲು ಇನ್ನೈದು ನಿಮಿಷ. ಅಲ್ಲಿಗೆ 2:15 ಆಯಿತು. ನಿಮ್ಮಿಬ್ಬರದೇ ಚಿತ್ರಗಳಿಗೆ ಅರ್ಧ ಗಂಟೆ ಇಟ್ಟರೆ 1:45. ಕ್ಯಾಮೆರಾ ಇಲ್ಲದೆ ನೀವಿಬ್ಬರೇ ಇರುವ ಹೊತ್ತು 10 ನಿಮಿಷ, ಅಂದರೆ 1:35. ನೋಟಕ್ಕೂ, ಇಬ್ಬರನ್ನು ಜಾಗಕ್ಕೆ ತಲುಪಿಸುವುದಕ್ಕೂ ಸೇರಿ 15 ನಿಮಿಷ, ಅಂದರೆ 1:20. ಅಲಂಕಾರದ ಕೆಲಸ ಹೇಳಿದ ಹೊತ್ತಿಗೆ ಮುಗಿಯುವುದು ಅಪರೂಪವಾದ್ದರಿಂದ 1:00ಕ್ಕೆ ಉಡುಗೆ ತೊಡುಗೆ ಪೂರ್ತಿ ಮುಗಿಯಬೇಕೆಂದು ಅವರಿಗೆ ತಿಳಿಸಿ. ಬೆಳಿಗ್ಗೆ ಬೇಗ ಏಳಬೇಕಾಗುತ್ತದೆ, ಮಾಡಿದ ಅಲಂಕಾರ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಮೊದಲ ನೋಟಕ್ಕೆ ಒಪ್ಪಿದವರು ಇವೆರಡಕ್ಕೂ ಒಪ್ಪಿಕೊಂಡಿರಬೇಕು. ಸಮಾರಂಭ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಬೆಳಕು ಇಳಿದಿರುವುದರಿಂದ ಮುಖ್ಯ ಚಿತ್ರಗಳನ್ನು ಮುಂಚೆಯೇ ತೆಗೆಸಿಕೊಂಡ ಲಾಭವೂ ಸಿಗುತ್ತದೆ.

ಆ ದಿನ ಇಪ್ಪತ್ತು ನಿಮಿಷ ತಡವಾದರೆ ಯಾವುದನ್ನು ಮೊಟಕು ಮಾಡಬೇಕೆಂಬುದನ್ನು ಈಗಲೇ ಬರೆದು, ಛಾಯಾಗ್ರಾಹಕರಿಗೂ ಮನೆಯವರಿಗೂ ಒಂದೊಂದು ಪ್ರತಿ ಕೊಡಿ. ನನ್ನ ಅನುಭವದಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕುವುದು ಇಬ್ಬರೇ ಇರುವ ಆ ಹತ್ತು ನಿಮಿಷಕ್ಕೆ, ಏಕೆಂದರೆ ಅದರಿಂದ ಬೇರೆ ಯಾರಿಗೂ ನಷ್ಟ ಕಾಣುವುದಿಲ್ಲ. ಗುಂಪು ಚಿತ್ರಗಳಲ್ಲಿ ಮೂರನ್ನು ಸಮಾರಂಭದ ನಂತರಕ್ಕೆ ತಳ್ಳಿ, ಆ ಹತ್ತು ನಿಮಿಷವನ್ನು ಮಾತ್ರ ಮುಟ್ಟಬೇಡಿ.

ಮೊದಲ ನೋಟದಲ್ಲಿ ಸಾಮಾನ್ಯವಾಗಿ ಒಬ್ಬರು ಬೆನ್ನು ಹಾಕಿ ನಿಂತಿರುತ್ತಾರೆ, ಇನ್ನೊಬ್ಬರು ಹಿಂದಿನಿಂದ ಬಂದ ಮೇಲೆ ತಿರುಗಿ ನೋಡುತ್ತಾರೆ. ಆದ್ದರಿಂದ ಜಾಗ ನೋಡಲು ಹೋದಾಗ ಗಾಜನ್ನು ಗಮನಿಸಿ. ಬೆನ್ನು ಹಾಕಿ ನಿಂತವರ ಎದುರಿಗೆ ಗಾಜಿನ ಬಾಗಿಲೋ ಕಿಟಕಿಯೋ ಇದ್ದರೆ ಹಿಂದಿನಿಂದ ಬರುವವರು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ತಿರುಗುವ ಮೊದಲೇ ಎಲ್ಲವನ್ನೂ ನೋಡಿಬಿಟ್ಟು, ಹೇಳಲೂ ಆಗದೆ ನಿಂತ ಒಬ್ಬರನ್ನು ನಾನು ಕಂಡಿದ್ದೇನೆ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಬರಬೇಕು, ಇಬ್ಬರ ಜೊತೆಗೂ ಒಬ್ಬೊಬ್ಬರು ಇರಬೇಕು, ಆ ಇಬ್ಬರ ಫೋನು ಮಾತ್ರ ಚಾಲೂ ಇರಬೇಕು.

ತೆರೆದ ನೆರಳು

ಛಾಯಾಗ್ರಹಣ ನನ್ನ ವೃತ್ತಿ. ಸಮಯವನ್ನು 1:20ಕ್ಕೆ ತಂದರೆ ಅಂಗಳದ ನಟ್ಟನಡುವಿನ ಯೋಚನೆಯನ್ನು ಕೈಬಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಬಿಸಿಲು ಮೇಲಿನಿಂದ ಬೀಳುವುದರಿಂದ ಕಣ್ಣಿನ ಗುಳಿ, ಮೂಗಿನ ಕೆಳಭಾಗ, ಗಲ್ಲದ ಅಡಿ ಎಲ್ಲ ಕಪ್ಪಾಗುತ್ತವೆ. ಕಣ್ಣು ಕಿರಿದು ಮಾಡದೆ ನಿಲ್ಲುವುದೇ ಕಷ್ಟ. ವರಾಂಡದ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ, ನೆರಳಿನಲ್ಲಿ, ಮುಖ ಅಂಗಳದ ಕಡೆಗೆ ಇರುವಂತೆ ನಿಂತರೆ ತೆರೆದ ಆಕಾಶದ ಬೆಳಕು ಎದುರಿನಿಂದ ಮೆತ್ತಗೆ ಬಂದು ಮುಖದ ಮೇಲೆ ಬೀಳುತ್ತದೆ, ಇಬ್ಬರ ಕಣ್ಣುಗಳೂ ಜೀವಂತವಾಗಿ ಕಾಣುತ್ತವೆ. ಮರದ ಕೆಳಗೆ ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆಗಳು ಬೀಳುವ ಜಾಗ ಕಣ್ಣಿಗೆ ಚೆನ್ನ, ಮುಖದ ಮೇಲೆ ಕಲೆಗಳಂತೆ ಬರುತ್ತದೆ. ಬಿಸಿಲು ಬಿದ್ದ ಹುಲ್ಲುಹಾಸಿನ ಪಕ್ಕ ನಿಂತರೆ ಗಲ್ಲದ ಕೆಳಗೆ ಹಸಿರು ಛಾಯೆ ಹತ್ತುತ್ತದೆ, ಕೆಂಪು ಗೋಡೆಯ ಪಕ್ಕ ನಿಂತರೆ ಕೆಂಪು. ತಿಳಿಬಣ್ಣದ ಉಡುಗೆಯ ಮೇಲೆ ಇದು ಇನ್ನೂ ಎದ್ದು ಕಾಣುತ್ತದೆ.

ಆಕಾಶದಲ್ಲಿ ಸೂರ್ಯ ಒಂದು ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ ನೋಡಿ ಮೆಚ್ಚಿದ ನೆರಳು ಮಧ್ಯಾಹ್ನದ ವೇಳೆಗೆ ಅಲ್ಲಿ ಇರುವುದಿಲ್ಲ. ಮದುವೆಗೆ ಮುಂಚಿನ ವಾರದಲ್ಲಿ, ಅದೇ ಹೊತ್ತಿಗೆ ಹೋಗಿ, ನೆರಳಿನ ಅಂಚು ಎಲ್ಲಿಗೆ ಬರುತ್ತದೆಂದು ನೋಡಿ ಬನ್ನಿ. ಮಳೆ ಬಂದರೆ ಎಂಬುದಕ್ಕೆ ಒಳಗೆ ಒಂದು ದೊಡ್ಡ ಕಿಟಕಿಯನ್ನೂ ಗುರುತಿಸಿಟ್ಟುಕೊಳ್ಳಿ. ಆ ಕೋಣೆಯಲ್ಲಿ ಹಳದಿ ದೀಪಗಳಿದ್ದರೆ ಆರಿಸಬೇಕು, ಇಲ್ಲವಾದರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕಿತ್ತಳೆ ಆಗುತ್ತದೆ.

ನಿಮ್ಮ ಮುಖ್ಯ ಭಯದ ಬಗ್ಗೆ ಹೇಳುವುದಾದರೆ, ಅದು ದೂರದಿಂದ ಪರಿಹಾರವಾಗುತ್ತದೆ. ಪೂರ್ಣ ಅಳತೆಯ (ಫುಲ್ ಫ್ರೇಮ್) ಸಂವೇದಕವಿರುವ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿನಿಂದ ತಲೆಯಿಂದ ಪಾದದವರೆಗೆ ತೆಗೆಯಲು ಸುಮಾರು 5 ಮೀಟರ್ ದೂರ ನಿಲ್ಲಬೇಕು, 200 ಮಿ.ಮೀ. ಲೆನ್ಸಾದರೆ 11 ಮೀಟರಿನಷ್ಟು ಹಿಂದೆ, ಅಂಗಳದ ಆಚೆ ಬದಿಯ ಕಂಬದ ಪಕ್ಕದಲ್ಲಿ ನಿಂತು ತೆಗೆಯಬಹುದು. ಅಲ್ಲಿಗೆ ನಿಮ್ಮ ಮೆಲುಮಾತು ಕೇಳಿಸುವುದಿಲ್ಲ. ಈಗಿನ ಅನೇಕ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ, ಅದನ್ನೇ ಬಳಸುವಂತೆ ಕೇಳಿಕೊಳ್ಳಿ. ಒಳಗೆ ಎಲ್‌ಇಡಿ ದೀಪಗಳಿರುವ ಕಡೆ ಅದರಿಂದ ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಬರುವುದುಂಟು, ಆದ್ದರಿಂದ ಮೊದಲೇ ಪರೀಕ್ಷಿಸಿ ನೋಡಬೇಕು.

ಛಾಯಾಗ್ರಾಹಕರು ಒಬ್ಬರೇ ಇದ್ದರೆ ತಿರುಗುವ ಕ್ಷಣದಲ್ಲಿ ಇಬ್ಬರ ಮುಖವನ್ನೂ ಹಿಡಿಯಲು ಆಗುವುದಿಲ್ಲ. ಯಾರ ಮುಖ ಬೇಕೆಂದು ನೀವೇ ಆಯ್ದು ಹೇಳಿ, ಅವರು ಮೊದಲು ಆ ಕಡೆ ನಿಂತು, ಎಂಟು ಹತ್ತು ಚಿತ್ರಗಳ ನಂತರ ಸದ್ದಿಲ್ಲದೆ ಇನ್ನೊಂದು ಬದಿಗೆ ಬರಲಿ. ಇಬ್ಬರ ಮುಖವೂ ಬೇಕೇ ಬೇಕೆಂದರೆ ಆ ಅರ್ಧ ಗಂಟೆಯ ಮಟ್ಟಿಗೆ ಎರಡನೆಯವರನ್ನು ಕರೆಯಿರಿ.

ಒಂಟಿ ಗುಂಡಿ

ಮೇಲೆ ಬರೆದವರ ಮಾತಿಗೆ ನನ್ನದೇ ಅನುಭವವನ್ನು ಸೇರಿಸುತ್ತೇನೆ. ನಮ್ಮ ಮೊದಲ ನೋಟದಲ್ಲಿ ನಾನು ತಿರುಗಿದ್ದು ಮೂರು ಸಲ. ಮೊದಲ ಸಲ ಗಾಳಿಗೆ ಅವಳ ಮುಖದ ಮೇಲೆ ಕೂದಲು ಬಂತೆಂದು ಛಾಯಾಗ್ರಾಹಕರು ಮತ್ತೆ ಮಾಡಿಸಿದರು, ಎರಡನೆಯ ಸಲ ನಾನು ಬೇಗ ತಿರುಗಿದೆನೆಂದು ಮತ್ತೊಮ್ಮೆ ಮಾಡಿಸಿದರು. ಮೂರನೆಯ ಸಲದ ಹೊತ್ತಿಗೆ ನನ್ನ ಮುಖದಲ್ಲಿ ಉಳಿದಿದ್ದದ್ದು ಹೇಳಿದಂತೆ ಮಾಡಬೇಕೆಂಬ ಒಂದೇ ಯೋಚನೆ. ಆ ಮೂರನೆಯ ಚಿತ್ರವೇ ಈಗ ಗೋಡೆಯ ಮೇಲಿದೆ, ಎಲ್ಲರೂ ಚೆಂದ ಎನ್ನುತ್ತಾರೆ. ನನಗೆ ಅದರಲ್ಲಿ ಆ ದಿನದ ನಾನು ಕಾಣುವುದಿಲ್ಲ.

ನನ್ನ ನೆನಪಿನಲ್ಲಿ ಉಳಿದದ್ದು ಬೇರೆಯೇ. ಎಲ್ಲ ಮುಗಿದು ಅವರು ಲೆನ್ಸು ಬದಲಾಯಿಸಲು ಆಚೆ ಹೋದಾಗ ಅವಳು ನನ್ನ ಬಲಗೈ ಹಿಡಿದು, ತೋಳಿನ ತುದಿಯ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿರುವುದನ್ನು ನೋಡಿ, ಏನೂ ಹೇಳದೆ ಆ ದಾರವನ್ನು ಗುಂಡಿಯ ಬುಡಕ್ಕೆ ನಾಲ್ಕು ಸುತ್ತು ಸುತ್ತಿ, ಉಗುರಿನಿಂದ ತುದಿಯನ್ನು ಒಳಗೆ ಸಿಕ್ಕಿಸಿದಳು. ಅವಳ ಬೆರಳು ನಡುಗುತ್ತಿತ್ತು, ನನ್ನ ಕೈಯೂ ನಡುಗುತ್ತಿತ್ತು. ಇಬ್ಬರಿಗೂ ನಗು ಬಂತು, ಆಮೇಲೆ ಅಳು ಬಂತು. ಅದರ ಒಂದು ಚಿತ್ರವೂ ಇಲ್ಲ, ಇಲ್ಲದಿರುವುದಕ್ಕೆ ನನಗೆ ಬೇಸರವೂ ಇಲ್ಲ. ಆದ್ದರಿಂದ ನಿಮ್ಮ ಛಾಯಾಗ್ರಾಹಕರಿಗೆ ಮುಂಚೆಯೇ ಹೇಳಿ: ಒಂದೇ ಸಲ, ಏನಾದರೂ ತಪ್ಪಿದರೆ ತಪ್ಪಲಿ, ಮತ್ತೆ ಮಾಡಿಸುವಂತಿಲ್ಲ. ಮತ್ತು ನಿಮ್ಮವರು ಅಳಲೇಬೇಕು, ನೀವು ಬಾಯಿ ಮೇಲೆ ಕೈ ಇಟ್ಟುಕೊಳ್ಳಲೇಬೇಕು ಎಂದು ಎಲ್ಲೂ ಇಲ್ಲ. ಮುಖ ಬಿಗಿಯುವವರ ಮುಖ ಅಲ್ಲೂ ಮೊದಲ ನಿಮಿಷ ಬಿಗಿದೇ ಇರಬಹುದು. ಅದಕ್ಕೆ ನೊಂದುಕೊಳ್ಳಬೇಡಿ, ಸ್ವಲ್ಪ ಕಾಯಿರಿ.

ಅರ್ಧ ಬಾಗಿಲು

ನಾವು ಬೇಡವೆಂದು ನಿರ್ಧರಿಸಿದವರು, ಆ ನಿರ್ಧಾರದ ಬಗ್ಗೆ ನಮಗೆ ಪೂರ್ಣ ತೃಪ್ತಿಯಿದೆ. ಜನರ ನಡುವೆ ನೋಡುವುದೆಂದರೆ ಜನರಿಗಾಗಿ ನೋಡುವುದೆಂದೇನಲ್ಲ. ನನ್ನನ್ನು ಎತ್ತಿ ಆಡಿಸಿದವರೆಲ್ಲ ಸುತ್ತ ನಿಂತಿರುವಾಗ ನನ್ನವರು ನನ್ನ ಕಡೆ ನೋಡಿದ ಆ ಗಳಿಗೆಯ ತೂಕವೇ ಬೇರೆ. ಆದರೆ ಬೆಳಗಿನಿಂದ ನನಗೆ ಕೈಕಾಲು ತಣ್ಣಗಾಗುತ್ತಿದ್ದದ್ದೂ ನಿಜ. ಅದಕ್ಕೆ ಒಂದು ಬಾಗಿಲನ್ನು ಅರ್ಧ ತೆರೆದು, ಆಚೆ ಅವರು, ಈಚೆ ನಾನು, ಇಬ್ಬರೂ ಬೆನ್ನನ್ನು ಗೋಡೆಗೆ ಆನಿಸಿ, ಬಾಗಿಲಿನ ಅಂಚಿನ ಬಳಿ ಕೈ ಹಿಡಿದುಕೊಂಡು ನಿಂತೆವು. ಹಿಂದಿನ ರಾತ್ರಿ ಬರೆದ ಒಂದೊಂದು ಪತ್ರವನ್ನು ಗಟ್ಟಿಯಾಗಿ ಓದಿದೆವು. ಆರು ನಿಮಿಷವಾಗಿರಬಹುದು. ಎದೆಬಡಿತ ಇಳಿಯಿತು, ನೋಟವೂ ಸಮಾರಂಭಕ್ಕೆ ಉಳಿಯಿತು. ನಿಮ್ಮವರ ಮನಸ್ಸು ಎರಡು ಕಡೆಗೂ ತುಯ್ಯುತ್ತಿದ್ದರೆ ಇದನ್ನೂ ಯೋಚಿಸಿ ನೋಡಿ.

ಹೊಸಿಲು

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇಳಿಹೊತ್ತು ಅವರು ಹೇಳಿದ ಪ್ರಶ್ನೆಯನ್ನು ನಿನ್ನೆ ರಾತ್ರಿ ಅದೇ ಮಾತುಗಳಲ್ಲಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಿಯಾದರೂ ಸರಿ, ಆದರೆ ನಿನ್ನನ್ನು ನೋಡಿದ ತಕ್ಷಣ ನಾನು ಯಾರಿಗೂ ಉತ್ತರ ಕೊಡಬೇಕಾಗಬಾರದು” ಎಂದರು. ಆದ್ದರಿಂದ ಮೊದಲ ನೋಟವೇ ಎಂದು ನಿಶ್ಚಯವಾಯಿತು. ಈಗ ಉಳಿದಿರುವ ದೊಡ್ಡ ತೊಡಕು ಅಮ್ಮ. ದೂರದಲ್ಲಿ ನಿಂತು ನೋಡುತ್ತೇನೆ, ಮಾತನಾಡುವುದಿಲ್ಲ ಎನ್ನುತ್ತಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ, ಇರಲಿ ಎಂದರೆ ನನ್ನವರ ಮುಖ ಮತ್ತೆ ಬಿಗಿಯುತ್ತದೆ.

ಹಿರಿಯ ಜೀವ

ನಾನು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಿ, ನಿಮ್ಮಮ್ಮನ ಕಡೆಯಿಂದ ಬರೆಯುತ್ತೇನಮ್ಮ. ದೊಡ್ಡವಳು ನನಗೆ ತಿಳಿಸದೆಯೇ ಇದನ್ನು ಏರ್ಪಾಟು ಮಾಡಿಕೊಂಡಿದ್ದಳು. ಕೋಣೆಯ ಬಾಗಿಲು ತೆರೆದಾಗ ಅವಳಿರಲಿಲ್ಲ. ಅಲಂಕಾರ ಮುಗಿದ ನನ್ನ ಮಗಳನ್ನು ನನಗಿಂತ ಮೊದಲು ಯಾರ್ಯಾರೋ ನೋಡಿಯಾಗಿತ್ತು. ನನಗೆ ನೋವಾದದ್ದು ಆ ಭೇಟಿಗೆ ನನ್ನನ್ನು ಕರೆಯಲಿಲ್ಲವೆಂದಲ್ಲ, ನನ್ನ ಪಾಲಿನ ಮೊದಲ ನೋಟವೊಂದಿದೆ ಎಂಬುದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು.

ಚಿಕ್ಕವಳ ಹೊತ್ತಿಗೆ ಅವಳೇ ಬಂದು ಹೇಳಿದಳು. ಅಲಂಕಾರ ಮಾಡುವವರು ಹೊರಗೆ ಹೋದ ಮೇಲೆ ಐದು ನಿಮಿಷ ನಾನೂ ಅವಳೂ ಇಬ್ಬರೇ. ಕಿವಿಯ ಕೊನೆಯ ಆಭರಣ ತೊಡಿಸುವ ಕೆಲಸವನ್ನು ನನಗೆಂದೇ ಉಳಿಸಿಕೊಂಡಿದ್ದಳು. ಆಮೇಲೆ ಅವಳನ್ನು ವರನ ಬಳಿಗೆ ಹೋಗುವ ಬಾಗಿಲಿನ ತನಕ ಕರೆದುಕೊಂಡು ಹೋದವಳೂ ನಾನೇ. ಬಾಗಿಲು ಬಂದಾಗ ಕೈ ಬಿಟ್ಟು ಹಿಂದೆ ಬಂದೆ. ಆ ಕಡೆ ಇಣುಕಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ, ಏಕೆಂದರೆ ನನ್ನದು ನನಗೆ ಸಿಕ್ಕಿತ್ತು. ನಿಮ್ಮಮ್ಮನಿಗೆ ಅಂಥದ್ದೊಂದು ಐದು ನಿಮಿಷ ಕೊಡಿ, ನಿಮ್ಮವರ ತಾಯಿ ತಂದೆಗೂ ಆ ಕಡೆ ಹಾಗೆಯೇ ಮಾಡಲು ಹೇಳಿ.

ಬೆರಳ ತುದಿ

ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ, ಓದಿ ಹೇಳುವ ತಂತ್ರಾಂಶದ ನೆರವಿನಿಂದ ಈ ಚರ್ಚೆಯನ್ನು ಪೂರ್ತಿ ಕೇಳಿದೆ. ‘ನೋಟ’ ಎಂಬ ಮಾತಿನಿಂದ ನಮ್ಮಂಥವರು ಇದು ತಮಗಲ್ಲ ಎಂದುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ನಾವೂ ಇದನ್ನು ಮಾಡಿಕೊಂಡೆವು. ಜಲ್ಲಿಕಲ್ಲು ಹಾಸಿದ ದಾರಿಯ ಕೊನೆಯಲ್ಲಿ ನಾನು ನಿಂತಿದ್ದೆ. ಅವಳ ಹೆಜ್ಜೆಯ ಸದ್ದು ದೂರದಿಂದಲೇ ಕೇಳಿಸಬೇಕೆಂದು ಆ ಜಾಗವನ್ನು ಆರಿಸಿದ್ದೇ ನಾನು. ಹೆಜ್ಜೆ ಹತ್ತಿರ ಬಂತು, ಒಮ್ಮೆ ನಿಂತಿತು, ಮತ್ತೆ ಬಂತು. ಅವಳು ನನ್ನ ಎರಡೂ ಕೈಗಳನ್ನು ತೆಗೆದು ತನ್ನ ಹೆಗಲ ಮೇಲಿಟ್ಟುಕೊಂಡಳು. ಅಲ್ಲಿಂದ ತೋಳಿನ ಕಸೂತಿಯ ಮೇಲೆ ನನ್ನ ಬೆರಳು ಇಳಿಯುತ್ತಾ ಹೋಯಿತು: ಸಣ್ಣ ಎಲೆ, ದೊಡ್ಡ ಎಲೆ, ಒಂದು ಮಣಿ, ಮತ್ತೆ ಸಣ್ಣ ಎಲೆ. ಮಣಿಕಟ್ಟಿನ ತನಕ ಮುಟ್ಟಿ ಮುಗಿಸಲು ಎಷ್ಟು ಹೊತ್ತಾಯಿತೋ ತಿಳಿಯದು, ಅವಳು ಅವಸರ ಮಾಡಲಿಲ್ಲ.

ಯೋಜನೆಯ ಮಟ್ಟಿಗೆ ಎರಡು ಮಾತು. ಅಷ್ಟು ಹೊತ್ತು ಯಾರೂ ಮಾತನಾಡಬಾರದು, ‘ಈ ಕಡೆ ತಿರುಗಿ’ ಎಂಬ ಒಂದು ದನಿ ಬಂದರೂ ಎಲ್ಲ ಕದಡಿಹೋಗುತ್ತದೆ ಎಂದು ನಾವು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದ್ದೆವು. ಎರಡನೆಯದಾಗಿ, ನಿಲ್ಲುವ ಜಾಗಕ್ಕೆ ನಾನು ಹಿಂದಿನ ದಿನವೇ ಎರಡು ಸಲ ನಡೆದು, ಮೆಟ್ಟಿಲೆಷ್ಟು, ತಿರುವೆಲ್ಲಿ ಎಂದು ತಿಳಿದುಕೊಂಡಿದ್ದೆ. ಹೊಸ ಪಾದರಕ್ಷೆ, ಉದ್ದನೆಯ ಉಡುಗೆ ಧರಿಸುವವರು ಕಣ್ಣಿದ್ದವರಾದರೂ ಹೀಗೆ ಒಮ್ಮೆ ನಡೆದು ನೋಡುವುದು ಒಳ್ಳೆಯದು.

ಗಡಿಯಾರದ ಮುಳ್ಳು

ಬೆರಳ ತುದಿ ಅವರು ಹೇಳಿದ ಮೌನದ ನಿಯಮವನ್ನು ಇನ್ನು ಮುಂದೆ ನನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತೇನೆ. ಹೊಸಿಲು ಅವರಿಗೆ ಸಣ್ಣ ಸಂಗತಿಗಳು ಕೆಲವು. ಜೊತೆಗೆ ಬರುವವರ ಬಳಿ ಎರಡು ಮೆತ್ತನೆಯ ಕರವಸ್ತ್ರ ಇರಲಿ. ಕಣ್ಣೀರನ್ನು ಒರೆಸದೆ ಒತ್ತಿ ತೆಗೆದರೆ ಅಲಂಕಾರ ಕೆಡುವುದಿಲ್ಲ. ನೀರು ಕುಡಿಯಲು ನಳಿಕೆ (ಸ್ಟ್ರಾ) ಇರಲಿ. ಇಬ್ಬರೂ ಅದಕ್ಕೆ ಮೊದಲು ಏನಾದರೂ ತಿಂದಿರಲೇಬೇಕು, ಬೆಳಗಿನಿಂದ ಉಪವಾಸವಿದ್ದು ತಲೆಸುತ್ತು ಬಂದು ಕುಳಿತವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಆ ಹತ್ತು ನಿಮಿಷ ಮುಗಿದುದನ್ನು ತಿಳಿಸಲು ಯಾರೂ ಬಂದು ಬಾಗಿಲು ಬಡಿಯಬಾರದು. ನೀವೇ ಹೊರಗೆ ಬರುವ ತನಕ ಕಾಯಲಿ.

ಹೊಸಿಲು

ಇಂದು ಮಧ್ಯಾಹ್ನ ಅಲ್ಲಿಗೆ ಹೋಗಿ 1:20ರಿಂದ 1:50ರ ತನಕ ಕುಳಿತು ನೋಡಿ ಬಂದೆ. ವಾರಗಳು ಇನ್ನೂ ಬಾಕಿಯಿರುವುದರಿಂದ ಮದುವೆಗೆ ಮುಂಚಿನ ವಾರ ಮತ್ತೊಮ್ಮೆ ಹೋಗುತ್ತೇನೆ. ವರಾಂಡದ ಎಡ ಬದಿಯಲ್ಲಿ ಎರಡನೆಯ ಕಂಬದ ತನಕ ನೆರಳಿತ್ತು, ಅಲ್ಲಿಂದ ಅಂಗಳದ ಆಚೆ ಬದಿಗೆ ಹೆಜ್ಜೆ ಹಾಕಿ ಅಳೆದಾಗ ಹನ್ನೆರಡು ಮೀಟರಿನಷ್ಟಾಯಿತು. ನನ್ನವರು ನಿಲ್ಲಬೇಕಾದ ಜಾಗದ ಎದುರಿಗೇ ಒಂದು ಗಾಜಿನ ಬಾಗಿಲಿತ್ತು, ಅದರಲ್ಲಿ ನನ್ನ ಪ್ರತಿಬಿಂಬ ತಲೆಯಿಂದ ಪಾದದವರೆಗೆ ಕಾಣುತ್ತಿತ್ತು. ನೀವು ಹೇಳದಿದ್ದರೆ ನಾನದನ್ನು ಗಮನಿಸುತ್ತಲೇ ಇರಲಿಲ್ಲ. ಆ ದಿನ ಅದಕ್ಕೆ ಒಳಗಿನಿಂದ ದಪ್ಪ ಬಟ್ಟೆ ಕಟ್ಟುವ ಹೊಣೆಯನ್ನು ತಮ್ಮ ವಹಿಸಿಕೊಂಡಿದ್ದಾನೆ.

ಛಾಯಾಗ್ರಾಹಕರೊಂದಿಗೆ ಮಾತನಾಡಿದೆ. ತಿರುಗುವುದು ಒಂದೇ ಸಲ, ಅವರು ಆಚೆ ಬದಿಯಿಂದಲೇ ತೆಗೆಯುವುದು, ಮೊದಲು ಹಿಡಿಯಬೇಕಾದ ಮುಖ ನನ್ನವರದು, ಆಮೇಲೆ ಹತ್ತು ನಿಮಿಷ ಕ್ಯಾಮೆರಾ ಚೀಲದೊಳಗೆ ಎಂಬುದಕ್ಕೆಲ್ಲ ಒಪ್ಪಿದ್ದಾರೆ. ಅಮ್ಮನಿಗೆ ಹಿರಿಯ ಜೀವ ಅವರ ಬರಹವನ್ನು ಓದಿ ಹೇಳಿದೆ. ಏನೂ ಮಾತನಾಡದೆ ಎದ್ದು ಒಳಗೆ ಹೋದರು, ಮತ್ತೆ ಬಂದು, ನಿನ್ನ ಕುತ್ತಿಗೆಯ ಹಿಂದಿನ ಕೊಂಡಿ ಬಹಳ ಸಣ್ಣದು, ಅದನ್ನು ಹಾಕಲು ಕನ್ನಡಕ ಬೇಕಾಗುತ್ತದೆ, ಆ ದಿನ ಮರೆಯದೆ ನೆನಪಿಸು ಎಂದರು.